ನಾರುಕಲ್ಲಿನ ಕೇಸಿಗೆ ವಕೀಲರು ಸಿಕ್ಕ ಬಗೆ

ವಕೀಲರ ಗುಮಾಸ್ತ ಅಂದರೆ ಏನು ಅಂತ ಈಗಿನ ಹುಡುಗರನ್ನು ಕೇಳಿ ನೋಡಿ. ಜೆರಾಕ್ಸ್ ಮಾಡಿಸಿ, ಸ್ಟಾಂಪು ಅಂಟಿಸಿ, ಮುಂದಿನ ತಾರೀಕು ಬರೆದುಕೊಂಡು ಬರೋನು ಅನ್ನುತ್ತಾರೆ. ಮೊನ್ನೆ ಕೊಳ್ಳೇಗಾಲದ ಕೋರ್ಟಿನ ಎದುರು ಟೀ ಕುಡಿಯುತ್ತಿದ್ದ ಒಬ್ಬ ಮರಿಗುಮಾಸ್ತ ನನ್ನನ್ನೇ ಕೇಳಿದ, "ತಾತ, ನಿಮ್ ಕಾಲ್ದಲ್ಲಿ ಕೆಲ್ಸ ಕಮ್ಮಿ ಇತ್ತಲ್ವಾ?" ಅಂತ. ಮೈಯೆಲ್ಲ ಉರಿದುಹೋಯಿತು. ಕಮ್ಮಿಯಂತೆ! ಅವನಿಗೆ ಕೂತು ಹೇಳತೊಡಗಿದೆ. ಅರ್ಧ ಕೇಳಿ ಬಸ್ಸು ಬಂತು ಅಂತ ಎದ್ದುಹೋದ. ಉಳಿದರ್ಧವೇ ಮುಖ್ಯವಾದದ್ದು. ಅದಕ್ಕೇ ಬರೆಯುತ್ತಿದ್ದೇನೆ.

ವಕೀಲರಿಗೆ ಪಾರ್ಟಿ ಹುಡುಕಿ ತರುವ ಗುಮಾಸ್ತರು ಊರು ತುಂಬ ಇದ್ದಾರೆ. ನಾನು ಒಬ್ಬ ಪಾರ್ಟಿಗೆ ವಕೀಲರನ್ನು ಹುಡುಕಿ ಕೊಟ್ಟವನು. ಜಂಬ ಅಂದರೆ ಅನ್ನಿ. ಇಷ್ಟು ವಯಸ್ಸಾದ ಮೇಲೆ ಜಂಬ ಪಡದೆ ಇನ್ನೇನು, ಸತ್ತ ಮೇಲೆ ಪಡಲೇ?

ನಾನು ಕೆಲಸಕ್ಕೆ ಸೇರಿದ್ದು ಕೊಳ್ಳೇಗಾಲ ಕೊಯಮತ್ತೂರು ಜಿಲ್ಲೆ ಬಿಟ್ಟು ಮೈಸೂರಿಗೆ ಸೇರಿದ ವರ್ಷ, ಐವತ್ತಾರರಲ್ಲಿ. ನಮ್ಮ ವಕೀಲರು ಶಾಮಣ್ಣನವರು. ಮದರಾಸಿನಲ್ಲಿ ಓದಿದವರು, ಕೋರ್ಟಿನಲ್ಲಿ ಇಂಗ್ಲಿಷು, ಪಾರ್ಟಿ ಹತ್ತಿರ ತಮಿಳು, ಬೈಯುವಾಗ ಮಾತ್ರ ಕನ್ನಡ. ರಾಜ್ಯ ಬದಲಾದರೂ ಅವರ ಕೈ ಬದಲಾಗಲಿಲ್ಲ. ಅರ್ಜಿಯ ನೆತ್ತಿಯ ಮೇಲೆ ಕೊಯಮತ್ತೂರು ಜಿಲ್ಲೆ ಅಂತಲೇ ಬರೆಯುವರು, ನಾನು ಹೊಡೆದುಹಾಕಿ ಮೈಸೂರು ಜಿಲ್ಲೆ ಅಂತ ತಿದ್ದುವೆನು. ಒಮ್ಮೆ ತಿದ್ದಲು ಬಿಡುವಾಗಲಿಲ್ಲ. ಹನೂರು ಕಡೆಯ ಒಬ್ಬ ಮುದುಕ ಆ ಕಾಗದ ಹಿಡಿದುಕೊಂಡು ಬಸ್ಸು ಹತ್ತಿ ಕೊಯಮತ್ತೂರಿಗೇ ಹೋಗಿಬಿಟ್ಟ. ಸುಸ್ತಾಗಿ ವಾಪಸು ಬಂದು, "ನಿಮ್ ಕೋರ್ಟ್ನ ಎತ್ಕಂಡ್ ಓಗ್ಬುಟ್ಟವ್ರಂತೆ ಬುದ್ಧಿ," ಅಂದ. ಶಾಮಣ್ಣನವರು ನಗಲಿಲ್ಲ. ಮುದುಕನಿಗೆ ಒಳಗೆ ಊಟ ಹಾಕಿಸಿ, ಹೊರಗೆ ನನಗೆ ಶುದ್ಧ ಕನ್ನಡದಲ್ಲಿ ಬೈದರು.

ಕೋಪಿಷ್ಠರು, ಆದರೆ ಮಾತಿನ ಮನುಷ್ಯ. ಮಾತು ಅಂದರೆ ನಮ್ಮ ಕಡೆ ಆಗ ವೀಳ್ಯ. ಇದನ್ನು ಈಗಿನವರಿಗೆ ಬಿಡಿಸಿ ಹೇಳಬೇಕು. ವಕಾಲತ್ತಿಗೆ ರುಜು ಹಾಕುವುದು ಆಮೇಲೆ. ಮೊದಲು ಪಾರ್ಟಿ ತಟ್ಟೆಯಲ್ಲಿ ವೀಳ್ಯದೆಲೆ, ಅಡಿಕೆ, ಮೇಲೊಂದು ಕಾಣಿಕೆ ಇಟ್ಟು ವಕೀಲರ ಕೈಗೆ ಕೊಡಬೇಕು. ವಕೀಲರು ಎಲೆ ಕೈಗೆತ್ತಿಕೊಂಡರೋ, ಕೇಸು ಹಿಡಿದ ಹಾಗೆ. ಎದುರು ಪಾರ್ಟಿ ಆಮೇಲೆ ಬಂದು ಚಿನ್ನದ ತೇರು ಕಟ್ಟಿಸಿಕೊಡ್ತೀನಿ ಅಂದರೂ ಆ ಕಡೆ ಹೋಗುವ ಹಾಗಿಲ್ಲ. ಹೆಣ್ಣಿನ ಮಾತು ನಿಶ್ಚಯವಾಗುವುದೂ ಎಲೆಯಲ್ಲೇ, ಕೇಸಿನ ಮಾತು ನಿಶ್ಚಯವಾಗುವುದೂ ಎಲೆಯಲ್ಲೇ. ಯಾವ ಕಾಯ್ದೆ ಪುಸ್ತಕದಲ್ಲೂ ಇದು ಬರೆದಿಲ್ಲ, ಬರೆದದ್ದಕ್ಕಿಂತ ಗಟ್ಟಿಯಾಗಿ ನಡೆಯುತ್ತಿತ್ತು.

ಈಗ ಪುಟ್ಟಮಾದನ ವಿಚಾರಕ್ಕೆ ಬರ್ತೀನಿ. ಅರವತ್ತರ ದಶಕ ಮುಗಿಯುತ್ತಾ ಬಂದಿದ್ದ ಕಾಲ. ಒಂದು ಬೆಳಿಗ್ಗೆ ಆಫೀಸಿನ ಬಾಗಿಲು ತೆಗೆಯಲು ಹೋದರೆ ಜಗಲಿಯ ಮೆಟ್ಟಿಲ ಹತ್ತಿರ ಒಬ್ಬ ಗಂಡಸು ಕಂಬಳಿ ಹೊದ್ದು ಕೂತಿದ್ದ. ಪಕ್ಕದಲ್ಲಿ ಹೆಂಡತಿ ನಿಂತಿದ್ದಳು.

"ಮ್ಯಾಕ್ ಬನ್ರಪ್ಪ," ಅಂದೆ.

"ಅವ್ರು ಮೆಟ್ಲು ಅತ್ತಕ್ಕಾಗಕಿಲ್ಲ ಕಣಣ್ಣ. ಬಸ್ ಸ್ಟಾಂಡಿಂದ ಇಲ್ಲಿಗ್ ಬರಕ್ಕೇ ಮೂರ್ ಕಡೆ ಕುಂತ್ಕಂಡ್ರು," ಅಂದಳು ಹೆಂಡತಿ. ಸಾಕಮ್ಮ ಅವಳ ಹೆಸರು. ಆತ ಪುಟ್ಟಮಾದ. ವಯಸ್ಸು ಕೇಳಿದರೆ ನನಗಿಂತ ಸ್ವಲ್ಪ ದೊಡ್ಡವನು, ನೋಡಿದರೆ ನಮ್ಮಪ್ಪನ ಹಾಗಿದ್ದ.

ಹನೂರಿನಿಂದಾಚೆ ಗುಡ್ಡದ ಬುಡದಲ್ಲಿ ಆಗ ಒಂದು ಗಿರಣಿ ಇತ್ತು. ಲಾರಿಯಲ್ಲಿ ಎಲ್ಲಿಂದಲೋ ಕಲ್ಲು ಬರುತ್ತಿತ್ತು. ಅದನ್ನು ಕುಟ್ಟಿ, ಅರೆದು, ಒಳಗಿನ ನಾರು ತೆಗೆದು ಮೂಟೆ ಕಟ್ಟುತ್ತಿದ್ದರು. ಕಲ್ನಾರು ಅಂತ ಓದಿದವರು, ನಾರುಕಲ್ಲು ಅಂತ ಊರವರು. ಅದರ ನಾರಿಗೆ ಬೆಂಕಿ ಹಿಡಿಯುವುದಿಲ್ಲ. ಬತ್ತಿ ಹೊಸೆದು ದೀಪಕ್ಕಿಟ್ಟರೆ ಎಣ್ಣೆ ಉರಿಯುತ್ತದೆ, ಬತ್ತಿ ಹಾಗೇ ಇರುತ್ತದೆ. ನಮ್ಮ ಶಾಮಣ್ಣನವರ ದೇವರ ಮನೆಯಲ್ಲೂ ಗಿರಣಿ ಯಜಮಾನ ಕೊಟ್ಟ ಅಂಥದೊಂದು ಬತ್ತಿ ಇತ್ತು. ಬಂದವರಿಗೆಲ್ಲ ತೋರಿಸಿ ಮೆಚ್ಚಿಸುತ್ತಿದ್ದರು.

ಪುಟ್ಟಮಾದನ ಕೆಲಸ ಆ ನಾರನ್ನು ಕೈಯಲ್ಲಿ ಬಾಚಿ ಚೀಲಕ್ಕೆ ತುಂಬಿ, ಒಳಗಿಳಿದು ಕಾಲಲ್ಲಿ ತುಳಿಯುವುದು. ಸಂಜೆ ಮನೆಗೆ ಹೋದರೆ ಹುಬ್ಬು, ಮೀಸೆ ಎಲ್ಲಾ ಬೆಳ್ಳಗೆ.

"ಬಾ ನಮ್ ಮುದ್ಕಪ್ಪ ಅಂತ ಆಡ್ಕತಿದ್ದೆ ಬುದ್ಧಿ," ಅಂದಳು ಸಾಕಮ್ಮ. ಅಂದವಳೇ ಸೆರಗನ್ನು ಬಾಯಿಗೆ ಹಿಡಿದು ಅತ್ತುಬಿಟ್ಟಳು.

ವರ್ಷಗಳು ಕಳೆದ ಹಾಗೆ ಕೆಮ್ಮು ಹಿಡಿಯಿತು, ಉಸಿರು ಕಮ್ಮಿಯಾಯಿತು. ಗಿರಣಿಯವರು ಕ್ಷಯ ಅಂತ ಹೇಳಿ ಹೊರಗೆ ಹಾಕಿದರು. ಅಷ್ಟು ಸಾಕಾಯಿತು ಊರಿಗೆ. ಊಟದ ತಟ್ಟೆ ಬೇರೆ, ನೀರಿನ ಚೊಂಬು ಬೇರೆ. ಮಗಳಿಗೆ ಗೊತ್ತಾಗಿದ್ದ ಗಂಡಿನ ಕಡೆಯವರು ಬರುವುದು ನಿಲ್ಲಿಸಿದರು. ಒಡಹುಟ್ಟಿದ ಅಣ್ಣ ಮಲ್ಲಯ್ಯನೇ ಜಗಲಿಯ ಆ ತುದಿಯಲ್ಲಿ ಕೂತು ಮಾತಾಡಿಸಿ ಹೋಗುತ್ತಿದ್ದ. ಸಾಕಮ್ಮ ಬಿಡಲಿಲ್ಲ. ಮೈಸೂರಿನ ದೊಡ್ಡಾಸ್ಪತ್ರೆಗೆ ಹೊರಿಸಿಕೊಂಡು ಹೋದಳು. ಅಲ್ಲಿನ ಎದೆ ಡಾಕ್ಟರು ಕಫ ನೋಡಿ, ಫೋಟೋ ತೆಗೆಸಿ, "ಇದು ಕ್ಷಯ ಅಲ್ಲಮ್ಮ. ಕಲ್ನಾರಿನ ಧೂಳು ಎದೆಯಲ್ಲಿ ಕೂತಿದೆ. ಇದನ್ನ ತೆಗೆಯೋಕಾಗಲ್ಲ, ಆದ್ರೆ ಯಾರಿಗೂ ಅಂಟಲ್ಲ. ಗಿರಣಿಯವರು ಪರಿಹಾರ ಕೊಡಬೇಕು, ಒಬ್ಬ ವಕೀಲರನ್ನ ಹಿಡೀರಿ," ಅಂದರಂತೆ.

"ಡಾಕ್ಟ್ರು ಏಳುದ್ರೆ ಊರೋರು ನಂಬಾಕಿಲ್ಲ," ಅಂದ ಪುಟ್ಟಮಾದ. ಒಂದೊಂದು ಮಾತಿಗೂ ನಿಂತು ಉಸಿರು ತಗೊಂಡ. "ದುಡ್ ಕೊಡ್ಲಿ ಬುಡ್ಲಿ ಸಾ. ಛಯ ಅಲ್ಲ ಇದು, ಗಿರಣಿ ಧೂಳು ಅಂತ ಕೋರ್ಟು ಏಳ್ಬೇಕು. ನಾನ್ ಕೊಟ್ಟ ಎಲೆನ ಒಬ್ರೂ ಮುಟ್ಟಕಿಲ್ಲ ಸಾ. ನಮ್ಮಣ್ಣನೂ ಮುಟ್ಟಕಿಲ್ಲ."

ಆಡಿದ್ದು ಅಷ್ಟೇ. ನಮ್ಮ ಕಡೆಯವನಾದರೆ ಇದರ ಅರ್ಥ ಗೊತ್ತಿರುತ್ತದೆ. ಎದುರಿಗೆ ಬಂದವನಿಗೆ ಎಲೆ ಅಡಿಕೆ ಕೊಡುವುದು, ಅವನು ತಗೊಳ್ಳುವುದು. ಅದು ನಿಂತುಹೋದರೆ ಮನುಷ್ಯ ಬದುಕಿದ್ದೂ ಊರಿಗೆ ಇಲ್ಲದ ಹಾಗೆ.

ಶಾಮಣ್ಣನವರು ಒಳಗಿನಿಂದ ಎಲ್ಲ ಕೇಳಿಸಿಕೊಂಡರು. ಹೊರಗೆ ಬಂದು, ಪುಟ್ಟಮಾದನ ಮುಖವನ್ನೂ ನೋಡದೆ, "ಈ ಕೇಸು ನನಗೆ ಆಗಲ್ಲಪ್ಪ. ಬೇರೆಯವರನ್ನ ನೋಡು," ಅಂದು ಒಳಗೆ ಹೋಗಿಬಿಟ್ಟರು. ಬಡವರ ಕೇಸು ಬಿಟ್ಟವರಲ್ಲ ಅವರು. ನನಗೆ ದಿಕ್ಕೇ ತೋಚಲಿಲ್ಲ.

ಆಯಿತು, ಊರಿನಲ್ಲಿ ಇವರೊಬ್ಬರೇ ವಕೀಲರಾ ಅಂತ ಗಂಡ ಹೆಂಡತಿಯನ್ನು ಛತ್ರದಲ್ಲಿ ಕೂರಿಸಿ ಮಧ್ಯಾಹ್ನವೇ ಹೊರಟೆ. ದೊಡ್ಡ ಬೀದಿಯ ವಕೀಲರು ಕೇಸು ಕೇಳಿ, ನೀರಾವರಿ ಜಮೀನಿನದಾದರೆ ನೋಡ್ತಿದ್ದೆ ಅಂದರು. ಇನ್ನೊಬ್ಬರು ಸೊಂಟ ನೋವು ಅಂದರು. ಮತ್ತೊಬ್ಬರು, ನನ್ನ ಕಂಡರೆ ಅಕ್ಕರೆಯಿಂದ ಕಾಫಿ ಕೊಡುತ್ತಿದ್ದವರು, ಆವತ್ತು ಬಾಗಿಲಲ್ಲೇ ಮಾತು ಮುಗಿಸಿದರು. ಎಲ್ಲರದೂ ಒಂದೇ ರೀತಿ. ಗಿರಣಿಯ ಹೆಸರು ಬರುವವರೆಗೆ ಬಾ ಕೂತ್ಕೋ, ಹೆಸರು ಬಂದ ಮೇಲೆ ಕಣ್ಣು ಸೂರಿನ ಕಡೆ. ಎಲ್ಲರ ಪಡಸಾಲೆಯಲ್ಲೂ ಒಂದೊಂದು ಗೊನೆ ರಸಬಾಳೆ ನೇತುಹಾಕಿತ್ತು. ಎರಡು ಮನೆ ನೋಡುವವರೆಗೆ ಏನೂ ಅನ್ನಿಸಲಿಲ್ಲ. ಆಮೇಲೆ ಜ್ಞಾಪಕ ಬಂತು, ನಮ್ಮ ಆಫೀಸಿನ ಒಳಕೋಣೆಯಲ್ಲೂ ಒಂದು ಗೊನೆ ಇತ್ತು.

ವಾಪಸು ಬಂದು ನೇರವಾಗಿ ಕೇಳಿಯೇಬಿಟ್ಟೆ. "ಬುದ್ಧಿ, ಗಿರಣಿಯವರು ತಮಗೂ ವೀಳ್ಯ ಕೊಟ್ಟವ್ರಾ?"

ಶಾಮಣ್ಣನವರು ಪೆನ್ನು ಕೆಳಗಿಟ್ಟರು. "ಕೊಟ್ಟವ್ನೆ. ಹೋದ ವಾರ ಅವನ ಲೆಕ್ಕ ಬರೆಯೋ ರೈಟರು ಚೆಲುವರಾಜು ಬಂದು ಕೊಟ್ಟ. ಏನೋ ಗಡಿ ತಕರಾರು ಬರಬಹುದು ಅಂದ, ತಗೊಂಡೆ. ಈಗ ಗೊತ್ತಾಯ್ತು ಎಂಥಾ ಗಡಿ ಅಂತ. ಊರಿನ ವಕೀಲರಿಗೆಲ್ಲ ಕೊಟ್ಟವ್ನೆ, ಬಡ್ಡೀಮಗ!"

ಅಲ್ಲ, ಎಂಥಾ ತಲೆ ನೋಡಿ! ಗಿರಣಿಯಲ್ಲಿ ಪುಟ್ಟಮಾದ ಒಬ್ಬನೇ ಕೆಮ್ಮುತ್ತಿರಲಿಲ್ಲ. ಒಬ್ಬ ಗೆದ್ದರೆ ಉಳಿದವರೂ ಬರುತ್ತಾರೆ. ಅದಕ್ಕೇ ಯಜಮಾನ ಕೇಸು ಹುಟ್ಟುವ ಮೊದಲೇ ವಕೀಲರನ್ನೆಲ್ಲ ಎಲೆಯಲ್ಲಿ ಕಟ್ಟಿಹಾಕಿದ್ದ. ಒಂದು ಗೊನೆ ಬಾಳೆಹಣ್ಣು, ಒಂದು ಹಿಡಿ ಎಲೆಗೆ ಇಡೀ ಕೊಳ್ಳೇಗಾಲದ ಬಾಯಿ ಮುಚ್ಚಿತ್ತು. ಮೈಸೂರಿನ ವಕೀಲರ ಹತ್ತಿರ ಹೋಗಲು ಇವರಿಗೆ ಶಕ್ತಿ ಇಲ್ಲ. ಅರ್ಜಿ ಹಾಕಲು ಕಾಯ್ದೆಯಲ್ಲಿ ಗಡುವು ಬೇರೆ ಇತ್ತು, ಅದೂ ಹತ್ತಿರ ಬರುತ್ತಿತ್ತು. ಪುಟ್ಟಮಾದನ ಉಸಿರಿನ ಗಡುವು ಅದಕ್ಕಿಂತ ಹತ್ತಿರ ಇದ್ದ ಹಾಗೆ ಕಾಣುತ್ತಿತ್ತು.

"ಹಂಗಾದ್ರೆ ಎಲೆ ವಾಪಸ್ ಕಳಿಸಿ ಬುದ್ಧಿ," ಅಂದೆ.

"ಬಾಯಿ ಮುಚ್ಚು. ಶಾಮಣ್ಣ ಎಲೆ ವಾಪಸ್ ಕಳಿಸ್ದ ಅಂತ ನಾಳೆ ಯಾರು ನನ್ನ ನಂಬ್ತಾರೆ?" ಅಂದರು. ಸ್ವಲ್ಪ ಹೊತ್ತು ಕೋಣೆಯಲ್ಲಿ ಆ ಕಡೆ ಈ ಕಡೆ ಓಡಾಡಿದರು. ಆಮೇಲೆ ನನ್ನ ಕಡೆ ತಿರುಗಿ, "ಲೋ ಮರಿಸ್ವಾಮಿ, ಚೆಲುವರಾಜು ನಿನಗೇನಾದರೂ ವೀಳ್ಯ ಕೊಟ್ಟನೇನೋ?" ಅಂದರು.

"ಗುಮಾಸ್ತನಿಗೆ ಯಾರ್ ಕೊಡ್ತಾರೆ ಬುದ್ಧಿ?"

"ಹಂಗಾದರೆ ನಿನ್ನ ಕಾಲು ಯಾರೂ ಕಟ್ಟಿಲ್ಲ. ನಾಳೆ ನಾಡಿದ್ದು ನಿನಗೆ ರಜ. ಎಲ್ಲಿಗೆ ಹೋಗ್ತೀಯ ಅಂತ ನಾನು ಕೇಳಲ್ಲ."

ನನ್ನ ಯಜಮಾನರ ಬಗ್ಗೆ ನನಗೆ ಇವತ್ತಿಗೂ ಹೆಮ್ಮೆ. ಅವರು ಅಂದದ್ದು ಅಷ್ಟೇ, ನನಗೆ ಅರ್ಥವಾದದ್ದು ಬೇಕಾದಷ್ಟು.

ಯಳಂದೂರಿನಲ್ಲಿ ಒಬ್ಬ ಹೆಣ್ಣುಮಗಳು ಹೊಸದಾಗಿ ವಕೀಲಿ ಬೋರ್ಡು ಹಾಕಿದ್ದಾಳೆ ಅಂತ ಕೋರ್ಟಿನ ಹತ್ತಿರ ಎಲ್ಲರೂ ನಗಾಡುತ್ತಿದ್ದರು. ಸರೋಜ ಅಂತ ಹೆಸರು, ನಂಜುಂಡಯ್ಯ ಮೇಷ್ಟರ ಮಗಳು. ಮೇಷ್ಟರು ಸ್ಕೂಲಿನಿಂದ ರಿಟೈರಾಗಿ ಮನೆಯಲ್ಲಿದ್ದರು. ಮಗಳನ್ನು ಮೈಸೂರಿನಲ್ಲಿ ಕಾನೂನು ಓದಿಸಿದ್ದಕ್ಕೆ ನೆಂಟರೆಲ್ಲ ಮಾತು ಬಿಟ್ಟಿದ್ದರಂತೆ. ಬೋರ್ಡು ಹಾಕಿ ವರ್ಷ ಕಳೆದಿತ್ತು, ಒಂದು ಕೇಸೂ ಬಂದಿರಲಿಲ್ಲ. ನನಗೂ ಮನಸ್ಸಿರಲಿಲ್ಲ, ಸುಳ್ಳು ಯಾಕೆ ಹೇಳಲಿ? ಆದರೆ ಮುಳುಗುವವನು ದಡದ ಗಿಡ ಯಾವುದು ಅಂತ ಕೇಳುತ್ತಾನಾ? ಬೆಳಗಿನ ಬಸ್ಸಿಗೆ ಪುಟ್ಟಮಾದನನ್ನು ಕಂಕುಳಿಗೆ ಕೈ ಕೊಟ್ಟು ಹತ್ತಿಸಿದೆ.

ಮೇಷ್ಟರ ಮನೆ ಪಡಸಾಲೆಗೆ ಕಾಲಿಟ್ಟವನು ಅಲ್ಲೇ ನಿಂತುಬಿಟ್ಟೆ. ತೊಲೆಯಲ್ಲಿ ರಸಬಾಳೆ ಗೊನೆ! ಅರ್ಧ ಖಾಲಿಯಾಗಿತ್ತು. ಮೇಷ್ಟರು ಬೆತ್ತದ ಕುರ್ಚಿಯಲ್ಲಿ ಕೂತು ಬಾಯಿ ತುಂಬ ಎಲೆ ಹಾಕಿಕೊಂಡಿದ್ದರು.

"ಮುಗೀತು ನಡಿಯಮ್ಮ ಸಾಕಮ್ಮ, ಇಲ್ಲಿಗೂ ಬಂದ್ಬುಟ್ಟವ್ನೆ ಚೆಲುವರಾಜು," ಅಂದೆ, ಅಲ್ಲೇ ಬಾಗಿಲಲ್ಲಿ.

"ಯಾರು, ಆ ಗಿರಣಿ ರೈಟರಾ?" ಅಂತ ಒಳಗಿನಿಂದ ಮಗಳು ಬಂದಳು. ಸಣ್ಣ ಆಳು, ಬಿಗಿಯಾಗಿ ಹೆಣೆದ ಜಡೆ, ದಪ್ಪ ಗಾಜಿನ ಕನ್ನಡಕ. "ಬಂದಿದ್ರು. ಯಾಕೆ, ನಿಮಗೇನಾಗಬೇಕು?"

ಕೂತು ಎಲ್ಲ ಹೇಳಿದೆ. ಕಲ್ಲು, ನಾರು, ಡಾಕ್ಟರು, ಊರಿನ ವಕೀಲರೆಲ್ಲ ಎಲೆಯಲ್ಲಿ ಕಟ್ಟಿಬಿದ್ದದ್ದು. ಆಕೆ ಪೂರ್ತಿ ಕೇಳಿದಳು. ಕೊನೆಗೆ ಅಪ್ಪನ ಕಡೆ ತಿರುಗಿ, "ಅಪ್ಪ, ಆವತ್ತು ಆತ ಏನೇನು ಕೊಟ್ಟ, ಸ್ವಲ್ಪ ಇವರಿಗೆ ಹೇಳಿ," ಅಂದಳು.

ಮೇಷ್ಟರು ಎದ್ದು ಹೋಗಿ ಬಾಯಿ ಮುಕ್ಕಳಿಸಿ ಬಂದರು. "ನಾನು ಬೇಡ ಅಂದೆ ಕಣಪ್ಪ. ನಾನು ಮೇಷ್ಟ್ರು, ನನಗ್ಯಾಕೆ ವೀಳ್ಯ ಅಂದೆ. 'ಮನೆ ಯಜಮಾನ್ರು ತಾವಲ್ವಾ ಸಾ, ತಾವ್ ಇಸ್ಕಂಡ್ರೆ ಆಯ್ತು' ಅಂದ. ಒಳ್ಳೇ ಎಲೆ. ಹಾಕ್ಕೊಂಡೆ."

"ನಿನಗೇನು ಕೊಟ್ಟನವ್ವ?" ಅಂದಳು ಸಾಕಮ್ಮ.

ಸರೋಜಮ್ಮ ಒಳಗೆ ಹೋಗಿ ಒಂದು ಪೊಟ್ಟಣ ತಂದಳು. ಹಸಿರು ರವಿಕೆ ಕಣ, ಅದರೊಳಗೆ ಅರಿಶಿನ ಕುಂಕುಮ. "ಇದು ನನಗೆ. ಮನೆ ಹೆಣ್ಣುಮಗಳು ಅಂತ ಅಮ್ಮನ ಕೈಲಿ ಕೊಡಿಸಿದ. ವೀಳ್ಯ ಕೊಟ್ಟಿದ್ದು ಅಪ್ಪನಿಗೆ."

ನಾನು ಪಿಳಿಪಿಳಿ ಅಂತ ನೋಡಿದೆ. ಆಮೇಲೆ ತಲೆಗೆ ಹೋಯಿತು ನೋಡಿ! ಹೊಟ್ಟೆ ಹಿಡಿದುಕೊಂಡು ನಕ್ಕೆ. ಅಯ್ಯೋ ಚೆಲುವರಾಜು, ನಿನ್ನ ಮನೆ ತಣ್ಣಗಿರಲಿ! ಹೊರಗಿನ ಬೋರ್ಡಿನಲ್ಲಿ ಸರೋಜ ಅಂತ ಹೆಸರಿದೆ, ವಕೀಲರು ಅಂತ ಬರೆದಿದೆ. ಅದನ್ನು ನೋಡಿಯೇ ಒಳಗೆ ಬಂದ. ಒಳಗೆ ಬಂದವನೇ ಹೆಣ್ಣಿಗೆ ಕುಂಕುಮ ಕೊಟ್ಟು, ಗಂಡಸು ಅಂತ ರಿಟೈರಾದ ಮೇಷ್ಟರನ್ನು ಎಲೆಯಲ್ಲಿ ಕಟ್ಟಿಹಾಕಿ ಹೋದ! ಕೊಳ್ಳೇಗಾಲ, ಯಳಂದೂರು ಎರಡರಲ್ಲೂ ಕಟ್ಟಿಲ್ಲದ ವಕೀಲರು ಅಂದರೆ ಈ ಹುಡುಗಿ ಒಬ್ಬಳೇ.

"ಹಂಗಾದ್ರೆ ಕೇಸ್ ತಗೋತೀರಾ ಅಮ್ಮಾವ್ರೆ?" ಅಂದೆ.

"ಈ ಕಾಯ್ದೇಲಿ ಕಸುಬಿನಿಂದ ಬರೋ ಕಾಯಿಲೆಗಳ ಪಟ್ಟಿ ಇದೆ, ಕಲ್ನಾರಿನ ಕಾಯಿಲೆ ಅದರಲ್ಲಿದೆ. ಕೇಸು ನಿಲ್ಲುತ್ತೆ. ಆದರೆ ಇದು ಮುನ್ಸೀಫ್ ಕೋರ್ಟಿಗೆ ಬರಲ್ಲ, ಮೈಸೂರಲ್ಲಿ ಕಾರ್ಮಿಕ ಇಲಾಖೆ ಕಮಿಷನರ ಮುಂದೆ ನಡೆಯುತ್ತೆ. ನಾನು ಇನ್ನೂ ಒಂದು ಕೇಸೂ ನಡೆಸಿಲ್ಲ, ಅದನ್ನೂ ತಿಳ್ಕೊಂಡು ಹೇಳಿ," ಅಂದಳು. ಆಮೇಲೆ ಪುಟ್ಟಮಾದನ ಕಡೆ ನೋಡಿ, "ವೀಳ್ಯ ತಂದಿದೀರಾ?" ಅಂದಳು.

ತಂದಿದ್ದ. ಸೊಂಟದ ಚೀಲದಲ್ಲಿ ಕಟ್ಟು ಎಲೆ ಇತ್ತು. ತೆಗೆದು ಸಾಕಮ್ಮನ ಸೆರಗಿನ ಮೇಲಿಟ್ಟು ಒರೆಸಿ, ಅಡಿಕೆ ಇಟ್ಟು, ಮೇಷ್ಟರ ಕಡೆ ಕೈ ಚಾಚಿದ.

"ಅಪ್ಪನಿಗಲ್ಲ, ನನಗೆ," ಅಂದಳು ಸರೋಜಮ್ಮ.

ಪುಟ್ಟಮಾದ ಕೈ ಹಿಂದಕ್ಕೆ ಎಳೆದುಕೊಂಡ. ಮದುವೆಯಾಗದ ಹೆಣ್ಣಿನ ಕೈಗೆ ಗಂಡಸು ಎಲೆ ಕೊಡುವುದುಂಟೇ? ಅದು ಒಂದು. ಅದಕ್ಕಿಂತ ಹೆಚ್ಚಾಗಿ, ತನ್ನ ಕೈಯ ಎಲೆ. "ಬ್ಯಾಡ ಕಣವ್ವ, ನಂಗೆ ಕೆಮ್ಲು. ನನ್ ಕೈದು..." ಅಂದ. ಮುಂದಕ್ಕೆ ಆಡಲು ಆಗಲಿಲ್ಲ, ಕೆಮ್ಮು ಬಂತು. ಅಷ್ಟು ಹೊತ್ತೂ ಆಕೆ ಚಾಚಿದ ಕೈ ಚಾಚಿಕೊಂಡೇ ನಿಂತಿದ್ದಳು.

"ಕೊಡು ಅಂದ್ರೆ ಕೊಡು! ಆ ಮಗೀಗೆ ಇರಾ ಧೈರ್ಯ ನಿಂಗಿಲ್ವಾ?" ಅಂತ ಸಾಕಮ್ಮ ಗಂಡನನ್ನು ಗದರಿದಳು.

ಕೊಟ್ಟ. ತಗೊಂಡಳು. ತಗೊಂಡು ತಟ್ಟೆಯಲ್ಲಿಟ್ಟಿದ್ದರೂ ಸಾಕಿತ್ತು, ವ್ಯವಹಾರ ಮುಗಿಯುತ್ತಿತ್ತು. ಆದರೆ ಆಕೆ ಒಂದು ಎಲೆ ತೆಗೆದು, ತೊಟ್ಟು ಮುರಿದು, ಅಡಿಕೆ ಇಟ್ಟು ಮಡಿಚಿ ಬಾಯಿಗೆ ಹಾಕಿಕೊಂಡಳು. ಅಡುಗೆ ಮನೆ ಬಾಗಿಲಲ್ಲಿ ಆಕೆಯ ತಾಯಿ "ಅಯ್ಯೋ!" ಅಂದರು. ಮೇಷ್ಟರು ಕುರ್ಚಿಯಿಂದ ಅರ್ಧ ಎದ್ದರು. ಆಕೆ ಯಾರನ್ನೂ ನೋಡಲಿಲ್ಲ. ಅಗಿಯುತ್ತಾ ಕಾಗದ ಎಳೆದುಕೊಂಡು, "ಗಿರಣೀಲಿ ಕೂಲಿ ಯಾರು ಕೊಡ್ತಿದ್ರು, ಯಜಮಾನರಾ, ಮೇಸ್ತ್ರಿಯಾ? ಹೇಳಿ," ಅಂತ ಬರೆಯಲು ಶುರು ಮಾಡಿದಳು. ಅಭ್ಯಾಸವಿಲ್ಲದ ಬಾಯಿ, ಸುಣ್ಣವೂ ಇಲ್ಲ, ಒಗರಿಗೆ ಕಣ್ಣಲ್ಲಿ ನೀರು ಬರುತ್ತಿತ್ತು. ಪುಟ್ಟಮಾದನ ಕಣ್ಣಲ್ಲೂ ಬರುತ್ತಿತ್ತು, ಅದಕ್ಕೆ ಒಗರು ಕಾರಣವಲ್ಲ. ನಾನು ಎದ್ದು ಹೊರಗೆ ಹೋಗಿ ಮೂಗು ಸೀಟಿಕೊಂಡು ಬಂದೆ.

ಗಿರಣಿಯವರು ಮೈಸೂರಿನಿಂದ ದೊಡ್ಡ ವಕೀಲರನ್ನು ಇಟ್ಟರು. ಮೊದಲನೇ ದಿನ ಆತ ಎದ್ದು ಹಾಕಿದ ಮೊದಲನೇ ಆಕ್ಷೇಪಣೆ ಏನು ಗೊತ್ತೇ? ಈ ಹೆಣ್ಣುಮಗಳು ನಮ್ಮ ಕಕ್ಷಿಯ ವೀಳ್ಯ ಹಿಡಿದವಳು, ನಮ್ಮ ವಿರುದ್ಧ ನಿಲ್ಲುವ ಹಾಗಿಲ್ಲ ಅಂತ! ಚೆಲುವರಾಜು ಹಿಂದೆ ಕೂತು ತಲೆ ಕುಣಿಸುತ್ತಿದ್ದ. ಸರೋಜಮ್ಮ ಎದ್ದು ಚೀಲದಿಂದ ಹಸಿರು ಕಣ ತೆಗೆದು ಕಮಿಷನರ ಮೇಜಿನ ಮೇಲಿಟ್ಟಳು. ಕುಂಕುಮದ ಪೊಟ್ಟಣವನ್ನೂ ಇಟ್ಟಳು.

"ಸ್ವಾಮಿ, ಇವರ ಕಡೆಯಿಂದ ನನಗೆ ಬಂದದ್ದು ಇದು. ಮೈಸೂರಿನ ಈ ವಕೀಲರಿಗೂ ಇದನ್ನೇ ಕೊಟ್ಟಿದ್ದಾರಾ ಅಂತ ಕೇಳಬೇಕು," ಅಂದಳು.

ಕಮಿಷನರು ನಗು ತಡೆಯಲಾರದೆ ಕನ್ನಡಕ ತೆಗೆದು ಒರೆಸಿದರು. ಚೆಲುವರಾಜುವನ್ನು ಎಬ್ಬಿಸಿ, "ವೀಳ್ಯ ಈಕೆ ಕೈಗೆ ಕೊಟ್ಟೆಯೇನಪ್ಪ?" ಅಂತ ಕೇಳಿದರು.

"ಎಣ್ ಮಗಳ ಕೈಗೆ ಎಂಗ್ ಕೊಡಾದು ಸಾ? ಅದ್ಕೇ ಮೇಷ್ಟ್ರ ಕೈಗೆ ಕೊಟ್ಟೆ."

"ಮೇಷ್ಟ್ರು ವಕೀಲರಾ?"

"ಇಲ್ಲ ಸಾ. ಅವ್ರು ಲೆಕ್ಕ ಏಳ್ಕೊಡ್ತಿದ್ರು."

ನಾನು ಇಷ್ಟು ವರ್ಷ ಕೋರ್ಟು ಕಂಡಿದ್ದೇನೆ, ಅಂಥ ನಗು ಇನ್ನೊಂದು ಸಲ ಕೇಳಿಲ್ಲ.

ಆಮೇಲಿನದು ನಗುವ ವಿಚಾರವಲ್ಲ. ತಾರೀಕಿನ ಮೇಲೆ ತಾರೀಕು ಕೇಳಿದರು. ಇವನು ನಮ್ಮ ಆಳೇ ಅಲ್ಲ, ಮೇಸ್ತ್ರಿಯ ಆಳು ಅಂದರು. ಗುತ್ತಿಗೆ ಮೇಸ್ತ್ರಿಯ ಆಳಾದರೂ ಕೆಲಸ ಮಾಡಿಸಿಕೊಂಡ ಯಜಮಾನನೇ ಹೊಣೆ ಅಂತ ಸರೋಜಮ್ಮ ಕಾಯ್ದೆ ಓದಿದಳು. ಡಾಕ್ಟರು ಬಂದು ಎದೆಯ ಫೋಟೋ ಬೆಳಕಿಗೆ ಹಿಡಿದು ತೋರಿಸಿ ಹೇಳಿದರು. ಬೀಡಿ ಸೇದಿ ಹೀಗಾಗಿದೆ ಅಂತ ದೊಡ್ಡ ವಕೀಲರು ಪುಟ್ಟಮಾದನನ್ನು ಹಿಡಿದುಕೊಂಡರು.

"ದಿನಕ್ಕೆ ಎಷ್ಟು ಬೀಡಿ ಸೇದ್ತೀಯ?"

"ಸೇದಕಿಲ್ಲ ಸಾ. ಎಲೆ ಆಕ್ತೀನಿ."

"ಸುಳ್ಳು ಹೇಳಬೇಡ!"

ಪುಟ್ಟಮಾದ ಸೊಂಟದಿಂದ ಎಲೆ ಚೀಲ ತೆಗೆದು, ತನ್ನನ್ನು ಗದರಿದ ವಕೀಲರ ಕಡೆಗೇ ಚಾಚಿದ. "ತಕಳಿ ಸಾ, ನೀವೂ ಆಕಳಿ," ಅಂದ. ಅವನಿಗೆ ಹಂಗಿಸುವುದು ಗೊತ್ತಿರಲಿಲ್ಲ, ಅಭ್ಯಾಸ ಬಲದಿಂದ ಕೊಟ್ಟ. ದೊಡ್ಡ ವಕೀಲರು ಒಂದು ಹೆಜ್ಜೆ ಹಿಂದಕ್ಕೆ ಸರಿದರು. ಕಮಿಷನರು ಅದನ್ನು ನೋಡಿದರು.

ಇದೆಲ್ಲ ನಡೆಯುವಾಗ ಶಾಮಣ್ಣನವರು ನನ್ನನ್ನು ಒಂದು ಮಾತೂ ಕೇಳಲಿಲ್ಲ. ಮೈಸೂರಿನ ತಾರೀಕು ಬಂದಾಗಲೆಲ್ಲ ನನಗೆ ರಜ ಸಿಗುತ್ತಿತ್ತು. ಒಂದು ದಿನ ಅವರ ದೇವರ ಮನೆಯ ದೀಪದಲ್ಲಿ ನಾರುಕಲ್ಲಿನ ಬತ್ತಿ ಕಾಣಲಿಲ್ಲ, ಹತ್ತಿಯ ಬತ್ತಿ ಉರಿಯುತ್ತಿತ್ತು. ನಾನು ನೋಡಿದ್ದನ್ನು ಅವರು ನೋಡಿದರು. "ಏನು ನೋಡ್ತೀಯ, ಫೈಲ್ ತಗೊಂಬಾ," ಅಂತ ಕೂಗಿದರು. ಮುಂದೆ ಅವರು ಕೆಲಸ ಬಿಟ್ಟ ಮೇಲೆ ನಾನು ಯಳಂದೂರಿಗೇ ಹೋಗಿ ಸರೋಜಮ್ಮನವರ ಗುಮಾಸ್ತನಾದೆ. ಗಿರಣಿಯಲ್ಲಿ ಕೆಮ್ಮುತ್ತಿದ್ದವರು ಒಬ್ಬೊಬ್ಬರಾಗಿ ಆ ಜಗಲಿಗೆ ಬಂದರು. ಅಮ್ಮಾವ್ರು ಎಲ್ಲರ ಎಲೆಯನ್ನೂ ತಾವೇ ಕೈಯಾರೆ ತಗೊಂಡರು.

ಪುಟ್ಟಮಾದನ ಕೇಸಿನ ಆರ್ಡರು ಬಂದ ದಿನ ಅವನು ಮೈಸೂರಿಗೆ ಬರುವ ಸ್ಥಿತಿಯಲ್ಲಿರಲಿಲ್ಲ. ಅಮ್ಮಾವ್ರು, ನಾನು ಇಬ್ಬರೇ ಇದ್ದೆವು. ಕಮಿಷನರು ಓದಿದರು: ಇದು ಕ್ಷಯವಲ್ಲ, ಗಿರಣಿಯ ಕೆಲಸದಿಂದ ಬಂದ ಕಾಯಿಲೆ, ಗಿರಣಿ ಯಜಮಾನರು ಪರಿಹಾರ ಕೊಡಬೇಕು. ಎಷ್ಟು ಕೊಡಬೇಕು ಅಂತ ಓದಿದ್ದು ನನ್ನ ಕಿವಿಗೆ ಬೀಳಲೇ ಇಲ್ಲ. ಮೊದಲನೇ ಮಾತಿಗೇ ನಾನು ಎದ್ದು ನಿಂತಿದ್ದೆ. ಜವಾನ ಅಂಗಿ ಎಳೆದು ಕೂರಿಸಿದ.

"ಮರಿಸ್ವಾಮಣ್ಣ, ಮಧ್ಯಾಹ್ನದ ಬಸ್ಸು ಹೋಗೋಕೆ ಮುಂಚೆ ಹೊರಡಿ. ಊರಿನವರನ್ನೆಲ್ಲ ಸೇರಿಸಿ, ಎಲ್ಲರ ಮುಂದೆ ಹೇಳಿ," ಅಂದರು ಅಮ್ಮಾವ್ರು.

ಹನೂರಿನಲ್ಲಿ ಇಳಿದು, ಗಾಡಿ ಹಿಡಿದು ಊರು ಮುಟ್ಟುವ ಹೊತ್ತಿಗೆ ದನಗಳು ಮನೆಗೆ ಬರುತ್ತಿದ್ದವು. ಪುಟ್ಟಮಾದ ಜಗಲಿಯಲ್ಲಿ ಗೋಡೆಗೆ ಒರಗಿ ಕೂತಿದ್ದ. ಮಲಗಿದರೆ ಉಸಿರು ಕಟ್ಟುತ್ತಿತ್ತು, ಅದಕ್ಕೆ ಕೂತೇ ಇರುತ್ತಿದ್ದನಂತೆ. ಕೋರ್ಟಿನಿಂದ ಗುಮಾಸ್ತ ಬಂದವ್ನೆ ಅಂತ ಬೀದಿ ತುಂಬ ಜನ ಸೇರಿದರು, ಆದರೆ ಎಲ್ಲ ಜಗಲಿಯಿಂದ ಅಷ್ಟು ದೂರ. ಅಣ್ಣ ಮಲ್ಲಯ್ಯ ಎಂದಿನಂತೆ ಆ ತುದಿಯಲ್ಲಿ ಕೂತಿದ್ದ. ನಾನು ಜೋರಾಗಿ, ಸಾಕ್ಷಿ ಕರೆಯುವ ಜವಾನನ ದನಿಯಲ್ಲಿ ಹೇಳಿದೆ:

"ಕೇಳ್ರಪ್ಪ ಎಲ್ಲರೂ! ಇವನಿಗಿರೋದು ಕ್ಷಯ ಅಲ್ಲ. ಗಿರಣಿ ಧೂಳು. ಒಬ್ಬರಿಂದ ಒಬ್ಬರಿಗೆ ಅಂಟೋದಲ್ಲ. ಮೈಸೂರಿನ ಸಾಹೇಬ್ರು ಬರೆದು ಮೊಹರು ಹಾಕವ್ರೆ!"

ಪುಟ್ಟಮಾದ ಹೆಂಡತಿಗೆ ಕೈಸನ್ನೆ ಮಾಡಿದ. ಸಾಕಮ್ಮ ಒಳಗಿನಿಂದ ಎಲೆ ಅಡಿಕೆ ತಟ್ಟೆ ತಂದು ಅವನ ಕೈಯಲ್ಲಿಟ್ಟಳು. ತಟ್ಟೆ ಹಿಡಿಯಲು ಅವನಿಗೆ ಎರಡು ಕೈಯೂ ಬೇಕಾಯಿತು. ಎತ್ತಿ ಅಣ್ಣನ ಕಡೆ ಚಾಚಿದ. ತಟ್ಟೆ ವಾಲಿ ಅಡಿಕೆ ಉರುಳಿ ಕೆಳಗೆ ಬಿತ್ತು.

ಮಲ್ಲಯ್ಯ ಎದ್ದ. ಜಗಲಿಯ ಆ ತುದಿಯಿಂದ ಬಂದು, ತಮ್ಮನ ಪಕ್ಕದಲ್ಲಿ ತೊಡೆಗೆ ತೊಡೆ ತಾಗುವಂತೆ ಕೂತ. ಬಿದ್ದ ಅಡಿಕೆಯನ್ನೇ ಎತ್ತಿಕೊಂಡ, ತಟ್ಟೆಯಿಂದ ಎಲೆ ತೆಗೆದ, ಬಾಯಿಗೆ ಹಾಕಿಕೊಂಡ. "ಸುಣ್ಣ ಎಲ್ಲವ್ವ ಸಾಕಮ್ಮ?" ಅಂದ.

ಅವನ ಹಿಂದೆ ಇನ್ನೊಬ್ಬ ಬಂದ. ಆಮೇಲೆ ಬೀದಿಯಲ್ಲಿ ನಿಂತಿದ್ದವರೆಲ್ಲ ಜಗಲಿ ಹತ್ತಿದರು. ತಟ್ಟೆ ಖಾಲಿಯಾಯಿತು. ಪುಟ್ಟಮಾದ ಸೊಂಟ ತಡಕಿ ಎಲೆ ಚೀಲ ತೆಗೆದ.

"ತಕಳಿ, ತಕಳಿ," ಅಂದ, ಉಸಿರು ಸಿಕ್ಕಷ್ಟರಲ್ಲಿ. "ಇನ್ನೂ ಅವೆ."